ದೀಪಾವಳಿ: ಬಲೀಂದ್ರನ ಹಬ್ಬ, ಲಕ್ಷ್ಮಿಯ ಹಬ್ಬ

ದೀಪಾವಳಿ ಒಂದು ದಿನದ ಹಬ್ಬವಲ್ಲ, ಒಂದು ಕಥೆಯ ಹಬ್ಬವೂ ಅಲ್ಲ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಹಂಡೆ ತೊಳೆದು ನೀರು ತುಂಬುವುದರೊಂದಿಗೆ ಶುರುವಾಗುತ್ತದೆ. ಚತುರ್ದಶಿಯ ನಸುಕಿಗೆ ಎಣ್ಣೆಸ್ನಾನ, ಅಮಾವಾಸ್ಯೆಗೆ ಲಕ್ಷ್ಮೀಪೂಜೆ, ಕಾರ್ತಿಕದ ಮೊದಲ ದಿನ ಬಲಿಪಾಡ್ಯಮಿ, ಬಿದಿಗೆಗೆ ಅಕ್ಕತಂಗಿಯರ ಮನೆಯ ಊಟ. ಉತ್ತರ ಭಾರತ ಅಯೋಧ್ಯೆಗೆ ಮರಳಿದ ರಾಮನನ್ನು ನೆನೆಯುತ್ತದೆ, ಬಂಗಾಳ ಕಾಳಿಯನ್ನು ಪೂಜಿಸುತ್ತದೆ, ದಕ್ಷಿಣದಲ್ಲಿ ನರಕಾಸುರನ ವಧೆಯ ಕಥೆ. ಜೈನರಿಗೆ ಇದು ಪಾವಾಪುರಿಯಲ್ಲಿ ಮಹಾವೀರ ನಿರ್ವಾಣ ಹೊಂದಿದ ದಿನ. ಕನ್ನಡದ ಹಳ್ಳಿಗಳಲ್ಲಾದರೋ ಹಬ್ಬದ ಯಜಮಾನಿಕೆ ಬಹುಮಟ್ಟಿಗೆ ಬಲೀಂದ್ರನದೇ.

ಬರಹದ ಸಾಕ್ಷ್ಯಗಳು ಸಾಕಷ್ಟು ಹಳೆಯವು. 7ನೇ ಶತಮಾನದ ಹರ್ಷನ ‘ನಾಗಾನಂದ’ ನಾಟಕದಲ್ಲಿ ದೀಪಪ್ರತಿಪದೆಯ ಉತ್ಸವ ಬರುತ್ತದೆ. ಪುನ್ನಾಟ ಸಂಘದ ಜಿನಸೇನ 783ರಲ್ಲಿ ಮುಗಿಸಿದ ‘ಹರಿವಂಶಪುರಾಣ’ ದೀಪಾಲಿಕೆಯನ್ನು ಮಹಾವೀರನ ನಿರ್ವಾಣಕ್ಕೆ ಜೋಡಿಸುತ್ತದೆ. ಪುನ್ನಾಟವೆಂದರೆ ಇಂದಿನ ಮೈಸೂರು ಸೀಮೆಯ ಭಾಗ. ಜಿನಸೇನ ಕಾವ್ಯ ಬರೆದದ್ದು ಮಾತ್ರ ದೂರದ ಗುಜರಾತಿನಲ್ಲಿ.

ಹೆಚ್ಚು ಕುತೂಹಲದ ವರ್ಣನೆ 11ನೇ ಶತಮಾನದ ಅಲ್‌ಬಿರೂನಿಯದು. ಜನ ಮಿಂದು, ಹೊಸ ಉಡುಪು ತೊಟ್ಟು, ಒಬ್ಬರಿಗೊಬ್ಬರು ಎಲೆ-ಅಡಿಕೆ ಕೊಡುತ್ತಾರೆ, ರಾತ್ರಿ ಎಲ್ಲೆಲ್ಲೂ ದೀಪ ಹಚ್ಚುತ್ತಾರೆ ಎಂದು ಬರೆದ ಅವನು ಕಾರಣವನ್ನೂ ಕೊಡುತ್ತಾನೆ: ಪಾತಾಳದಲ್ಲಿ ಸೆರೆಯಾದ ವಿರೋಚನನ ಮಗ ಬಲಿಯನ್ನು ಲಕ್ಷ್ಮಿ ಆ ಒಂದು ದಿನ ಬಿಡುಗಡೆ ಮಾಡುತ್ತಾಳೆ. ಇಂದು ಬೇರೆಬೇರೆಯಾಗಿ ಕಾಣುವ ಲಕ್ಷ್ಮೀಪೂಜೆ, ಬಲಿಪೂಜೆ ಎರಡೂ ಅವನ ಬರಹದಲ್ಲಿ ಒಂದೇ ಕಥೆಯೊಳಗಿವೆ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೊಂಟಿಯೂ ಗುಡಿಗಳ ಒಳಗೆ, ಮಾಡುಗಳ ಮೇಲೆ ಹಗಲಿರುಳು ಉರಿಯುವ ಅಸಂಖ್ಯ ಎಣ್ಣೆದೀಪಗಳ ಹಬ್ಬವೊಂದನ್ನು ವರ್ಣಿಸಿದ್ದಾನೆ.

ಬಲಿಯದು ವಿಚಿತ್ರ ಸ್ಥಾನ. ವಾಮನನಿಗೆ ಮೂರು ಹೆಜ್ಜೆ ನೆಲ ಕೊಟ್ಟು ರಾಜ್ಯವನ್ನೇ ಕಳೆದುಕೊಂಡ ಅಸುರನಿಗೆ ರೈತರು ಪ್ರತಿ ವರ್ಷ ರಾಜಮರ್ಯಾದೆ ಸಲ್ಲಿಸುತ್ತಾರೆ. ತುಳುನಾಡಿನಲ್ಲಿ ಅಂಗಳದಲ್ಲಿ ಬಲೀಂದ್ರನಿಗೆ ಮರ ನೆಟ್ಟು, ಸೊಡರಿಟ್ಟು, ಗದ್ದೆಯಂಚಿನಲ್ಲಿ ನಿಂತು ‘ಕೂ’ ಹಾಕಿ ಕರೆಯುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯ ತಂಡದವರು ಆರದಂತೆ ಕಾಪಾಡಿದ ದೀಪ ಹಿಡಿದು, ರಾತ್ರಿಯಿಡೀ ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಆ ಜ್ಯೋತಿಯಿಂದ ತಮ್ಮ ದೀಪ ಹೊತ್ತಿಸಿಕೊಳ್ಳುತ್ತಾರೆ.

ಉತ್ತರ ಕರ್ನಾಟಕಕ್ಕೆ ಬಂದರೆ ಇದೇ ಪಾಡ್ಯ ಹಟ್ಟಿಹಬ್ಬ. ಹೆಂಗಸರು ಸಗಣಿಯಿಂದ ‘ಪಾಂಡವರ’ನ್ನು ಮಾಡಿ, ಮೇಲೆ ಚೆಂಡುಹೂವು, ಉತ್ರಾಣಿ ಕಡ್ಡಿ ಚುಚ್ಚಿ ಹೊಸ್ತಿಲ ಬಳಿ ಇಡುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ‘ಮೇರಾ’ ಹೇಳುತ್ತ ಮನೆಯವರಿಗೆ ಒಳ್ಳೆಯದನ್ನು ಹಾರೈಸುತ್ತಾರೆ. ತಾಳವಾಡಿ ಬಳಿಯ ಗುಮಟಾಪುರ ಆಡಳಿತಕ್ಕೆ ತಮಿಳುನಾಡಿನದು, ಮಾತಿಗೆ ಕನ್ನಡದ್ದು. ಅಲ್ಲಿ ಗೋರೆ ಹಬ್ಬದ ದಿನ ಗಂಡಸರು ಒಬ್ಬರ ಮೇಲೊಬ್ಬರು ಸಗಣಿ ಉಂಡೆ ಎಸೆದಾಡುತ್ತಾರೆ. ದನ, ಸಗಣಿ, ಪೈರುಗಳ ಈ ಬಳಕೆ ನೋಡಿದರೆ ಪುರಾಣಕ್ಕಿಂತ ಬೇಸಾಯದ ಪಾಲೇ ಇಲ್ಲಿ ದೊಡ್ಡದೆನಿಸುತ್ತದೆ.

ವ್ಯಾಪಾರಿಗಳ ದೀಪಾವಳಿ ಬೇರೆಯದೇ. ಗುಜರಾತಿಗಳಿಗೆ ಪಾಡ್ಯವೇ ಹೊಸ ವರ್ಷ, ಹೊಸ ಖಾತೆಪುಸ್ತಕ. ಮುಂಬೈ ಷೇರುಪೇಟೆಯಲ್ಲಿ 1957ರಿಂದ ಲಕ್ಷ್ಮೀಪೂಜೆಯ ದಿನ ಸ್ವಲ್ಪ ಹೊತ್ತು ಮುಹೂರ್ತದ ವಹಿವಾಟು ನಡೆಯುತ್ತ ಬಂದಿದೆ.

ಪಟಾಕಿ ತಡವಾಗಿ ಸೇರಿಕೊಂಡದ್ದು. ಮದ್ದಿನ ಪುಡಿ ಬರುವ ಮೊದಲು ಅದಕ್ಕೆ ಅವಕಾಶವೇ ಇರಲಿಲ್ಲ. 20ನೇ ಶತಮಾನದಲ್ಲಿ ಶಿವಕಾಶಿಯ ಕಾರ್ಖಾನೆಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಸಮಯ ಗೊತ್ತುಮಾಡಿತು. ತಮಿಳುನಾಡು ತಕರಾರು ತೆಗೆಯಿತು: ತಮ್ಮಲ್ಲಿ ಹಬ್ಬ ನಡೆಯುವುದು ಬೆಳಗಿನ ಜಾವ. ದಿನಕ್ಕೆ ಎರಡು ಗಂಟೆ ಮೀರದಂತೆ ಹೊತ್ತು ಬದಲಿಸಿಕೊಳ್ಳಲು ಕೋರ್ಟ್ ಒಪ್ಪಿತು.