ಹೆರಾಲ್ಡ್ ಕಾರಿನ ಹಿಂದೊಂದು ಟ್ರೈಲರ್

ನಮ್ಮ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಬಹಳ ವರ್ಷ ಒಂದು ಸಣ್ಣ ಟ್ರೈಲರ್ ಬಿದ್ದಿತ್ತು. ಎರಡು ಚಕ್ರ, ಕಬ್ಬಿಣದ ಚೌಕಟ್ಟು, ಹಲಗೆಯ ತಳ. ಅದನ್ನು ಎಳೆಯುತ್ತಿದ್ದದ್ದು ಜೀಪಲ್ಲ, ಅಜ್ಜನ ಸ್ಟಾಂಡರ್ಡ್ ಹೆರಾಲ್ಡ್ ಕಾರು ಎಂದು ಉಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ಡಿಪ್ಲೊಮಾ ಮುಗಿಸಿ ಆ ಕಾರಿನ ಬಗ್ಗೆ ಓದಿದ ಮೇಲೆ ನಂಬಿಕೆ ಬಂತು.

ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆಸರಿನಲ್ಲಿ ಬಂದ ಕಾರು. ಅದರ ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯವರದು. 1961ರಿಂದ ಮದ್ರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿ ಅದನ್ನು ನಮ್ಮ ದೇಶದಲ್ಲೇ ತಯಾರಿಸಿತು. ಎಂಜಿನ್ ಬರೀ 948 ಸಿ.ಸಿ. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಅಂದರೆ ನಮ್ಮೂರಿನ ಅಡಿಕೆ ಎಳೆದದ್ದು ಒಂದು ಸ್ಪೋರ್ಟ್ಸ್ ಕಾರಿನ ಅಣ್ಣ! ಅಂಬಾಸಿಡರ್, ಫಿಯೆಟ್‌ಗಳಿಗೆ ಬೇರೆ ಚಾಸಿ ಇರಲಿಲ್ಲ, ಹೆರಾಲ್ಡಿಗೆ ಇತ್ತು. ಕೊಕ್ಕೆ ಬೋಲ್ಟ್ ಮಾಡಲು ಗಟ್ಟಿ ಜಾಗ ಸಿಕ್ಕಿದ್ದು ಹಾಗೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರಲ್ಲಿ ನಮ್ಮದೇ ಜಿಲ್ಲೆ ಆಗುವವರೆಗೆ ನಾವು ಕಣ್ಣೂರು ಜಿಲ್ಲೆಯವರು, ಕಾರಿನ ನಂಬರೂ ಕೆ.ಎಲ್.ಸಿ. ಆದರೆ ವ್ಯಾಪಾರ ಗಡಿ ನೋಡಲಿಲ್ಲ. ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ಮಂಗಳೂರಿನ ಬಂದರಿಗೇ ಹೋಗುತ್ತಿತ್ತು. ಲಾರಿ ತುಂಬುವಷ್ಟು ಮಾಲು ಇಲ್ಲದ ಸಣ್ಣ ಬ್ಯಾರಿ ವ್ಯಾಪಾರಿಗೆ ಇಂಥ ಟ್ರೈಲರೇ ಗತಿ.

ಅಜ್ಜನ ತಂದೆ ಎತ್ತಿನ ಗಾಡಿ ಹೊಡೆದವರು. ಗಾಡಿಯವರಿಗೆ ಒಂದು ಲೆಕ್ಕ ಗೊತ್ತಿತ್ತು: ಹೇರು ಅಚ್ಚಿಗಿಂತ ಸ್ವಲ್ಪ ಮುಂದಿರಬೇಕು. ತೀರಾ ಮುಂದಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಟ್ರೈಲರಿಗೂ ಇದೇ ನಿಯಮ.

ಒಂದು ದಿನ ಅಜ್ಜ ದಾರಿಯ ಅಂಗಡಿಯೊಂದರಲ್ಲಿ ಟ್ರೈಲರಿನ ಮುಂದಿನ ಮೂಟೆಗಳನ್ನು ಇಳಿಸಿ ಹಾಗೆಯೇ ಹೊರಟರು. ಉಳಿದದ್ದೆಲ್ಲ ಹಿಂದೆ. ಇಳಿಜಾರಿನಲ್ಲಿ ಟ್ರೈಲರ್ ಹಾವಿನಂತೆ ಹೊರಳತೊಡಗಿತು. ಕಾರಣ ನನಗೆ ಈಗ ಗೊತ್ತು. ಹಿಂಭಾರ ಕೊಕ್ಕೆಯನ್ನು ಎತ್ತಿದೆ, ಕಾರಿನ ಹಿಂಭಾಗ ಹಗುರಾಗಿದೆ. ಹೆರಾಲ್ಡಿನ ಹಿಂದಿನ ಅರೆ ಅಚ್ಚುಗಳು ನಡುವಿನ ಡಿಫರೆನ್ಶಿಯಲ್‌ನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುವಂಥವು. ಹಿಂಭಾಗ ಎದ್ದರೆ ಚಕ್ರಗಳ ಕೆಳತುದಿ ಒಳಕ್ಕೆ ಮಡಚಿ ರಸ್ತೆಯ ಹಿಡಿತ ತಪ್ಪುತ್ತದೆ. ಹೆರಾಲ್ಡಿನ ನಂತರ ಮದ್ರಾಸಿನವರು ಗೆಝೆಲ್ ಕಾರು ಮಾಡುವಾಗ ಈ ಏರ್ಪಾಡನ್ನೇ ಬಿಟ್ಟು ಗಟ್ಟಿ ಅಚ್ಚು ಹಾಕಿದರು.

ಅಜ್ಜ ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ಟ್ರೈಲರ್ ಹಿಂದಿನಿಂದ ತಳ್ಳಿ ಕಾರು ತಿರುಗಿಬೀಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು ಕೂತರು. ವೇಗ ಇಳಿದ ಮೇಲೆ ಮುರಕಲ್ಲಿನ ಗೋಡೆಯ ಪಕ್ಕ ನಿಲ್ಲಿಸಿ, ಒಬ್ಬರೇ ಮೂಟೆಗಳನ್ನು ಮುಂದಕ್ಕೆ ಎಳೆದು ಹಾಕಿದರಂತೆ. ಪಕ್ಕದ ಸೀಟಿನಲ್ಲಿ ಇದ್ದದ್ದು ಎಂಟು ವರ್ಷದ ಉಪ್ಪ. "ಗಾಡಿಯವನ ಮಗನಾಗಿ ನಾನೇ ಮರೆತೆನಲ್ಲ" ಎಂದಷ್ಟೇ ಅಜ್ಜ ಹೇಳಿದರಂತೆ. ಆಮೇಲೆ ಯಾವತ್ತೂ ಮೂಟೆ ಇಳಿಸಿದಾಗಲೆಲ್ಲ ಉಳಿದದ್ದನ್ನು ಸರಿಸದೆ ಹೊರಟವರಲ್ಲ.

ಈಗ ಗಲ್ಫಿನಿಂದ ಬಂದ ನಮ್ಮ ಹುಡುಗರು ಕಾರಿಗೆ ಕೊಕ್ಕೆ ಹಾಕಿಸುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಒಂದು ವಾಹನ, ಅದಕ್ಕೂ ರಿಜಿಸ್ಟ್ರೇಶನ್ ಬೇಕು. ಕಾಗದ ಆಫೀಸಿನಲ್ಲಿ ಸಿಗುತ್ತದೆ. ಮೂಟೆ ಎಲ್ಲಿಡಬೇಕೆಂಬ ಲೆಕ್ಕ ಅಲ್ಲಿ ಸಿಗುವುದಿಲ್ಲ.

ನಮ್ಮ ಟ್ರೈಲರನ್ನು ಉಪ್ಪ ಗುಜರಿಗೆ ತೂಕಕ್ಕೆ ಕೊಟ್ಟರು. ಅಜ್ಜ ಇರುವಾಗ ನಾನು ಏನನ್ನೂ ಕೇಳಲಿಲ್ಲ, ಇದೆಲ್ಲ ಉಪ್ಪನ ಬಾಯಿಯಿಂದ ಬಂದದ್ದು. ನಿಮ್ಮ ಮನೆಯಲ್ಲಿ ಗಾಡಿ, ಜೀಪು, ಲಾರಿ ಓಡಿಸಿದ ಹಿರಿಯರು ಇದ್ದರೆ ಇವತ್ತೇ ಕೇಳಿ ಬರೆದಿಡಿ.