ಆದಿ ಕ್ರೈಸ್ತರ ಕಾಲಗಣನೆ

ಕ್ರೈಸ್ತಧರ್ಮದ ಮೊದಲ ಎಂಟು ಶತಮಾನಗಳಲ್ಲಿ ವಾರ, ಹಬ್ಬ, ವರ್ಷಗಳ ಎಣಿಕೆ ಬದಲಾದ ಬಗೆ ಇಲ್ಲಿದೆ. ಗ್ರೀಕರಿಗೆ ಕಾಲ ಚಕ್ರ, ಕ್ರೈಸ್ತರಿಗೆ ಸರಳರೇಖೆ ಎಂಬ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆಸ್ಕರ್ ಕುಲ್‌ಮನ್ನರ 1946ರ ಗ್ರಂಥ ಅದಕ್ಕೆ ಬಲ ಕೊಟ್ಟಿತು; ಗ್ರೀಕ್ ಇತಿಹಾಸಕಾರರ ಬರಹಕ್ಕೆ ಅದು ಹೊಂದುವುದಿಲ್ಲವೆಂದು 1966ರಲ್ಲಿ ಅರ್ನಾಲ್ಡೊ ಮೊಮಿಲ್ಯಾನೊ ತೋರಿಸಿದರು. ಲೋಕ ಮತ್ತೆ ಮತ್ತೆ ಹಾಗೆಯೇ ಮರುಕಳಿಸುತ್ತದೆಂಬ ವಾದವನ್ನು ಬಿಷಪ್ ಅಗಸ್ಟೀನ್ ಖಂಡಿಸಿದ್ದು ನಿಜ. ಆದರೆ ಅವನ ಗುರಿ ಕೆಲವು ತತ್ತ್ವಜ್ಞಾನಿಗಳು, ಜನಸಾಮಾನ್ಯರಲ್ಲ. ಕಾಲಗಣನೆಯ ಬದಲಾವಣೆಗೆ ತತ್ತ್ವವಿಚಾರಕ್ಕಿಂತ ಹಬ್ಬದ ದಿನ ಗೊತ್ತುಮಾಡುವ ತೊಡಕೇ ಹೆಚ್ಚು ಕಾರಣವಾಯಿತು.

ಕ್ರೈಸ್ತರು ಭಾನುವಾರ ಒಟ್ಟುಗೂಡುತ್ತಿದ್ದರೆಂದು 2ನೆಯ ಶತಮಾನದ ನಡುವೆ ಕ್ರೈಸ್ತ ಲೇಖಕ ಜಸ್ಟಿನ್ ಬರೆದಿದ್ದಾನೆ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದಂದು ನ್ಯಾಯಾಲಯಗಳಿಗೂ ಪಟ್ಟಣದ ಕಸುಬುಗಳಿಗೂ ಬಿಡುವು ಕೊಟ್ಟ. ಬಿತ್ತನೆಯ ಹದ ತಪ್ಪಬಾರದೆಂದು ರೈತರನ್ನು ಹೊರಗಿಟ್ಟ. ಆಜ್ಞೆಯಲ್ಲಿ ಸೂರ್ಯನ ಹೆಸರಿದೆ, ಕ್ರಿಸ್ತನದಿಲ್ಲ.

ಕ್ರಿಸ್ತನ ಪುನರುತ್ಥಾನದ ಹಬ್ಬವಾದ ಈಸ್ಟರ್‌ನದು ದೀರ್ಘ ವಿವಾದ. ಏಷ್ಯಾ ಮೈನರಿನ ಸಭೆಗಳು ಯೆಹೂದ್ಯರ ನಿಸಾನ್ ತಿಂಗಳ 14ನೆಯ ದಿನಕ್ಕೆ ಅಂಟಿಕೊಂಡವು, ವಾರ ಯಾವುದೇ ಇರಲಿ. ರೋಮ್ ಭಾನುವಾರವನ್ನೇ ಹಿಡಿಯಿತು. ಸುಮಾರು 155ರಲ್ಲಿ ಸ್ಮಿರ್ನಾದ ಪಾಲಿಕಾರ್ಪ್ ರೋಮ್‌ಗೆ ಹೋಗಿ ಬಿಷಪ್ ಅನಿಸೆಟಸ್‌ನೊಡನೆ ಚರ್ಚಿಸಿದ. ಇಬ್ಬರೂ ಪಟ್ಟು ಬಿಡಲಿಲ್ಲ, ಸ್ನೇಹವನ್ನೂ ಕೆಡಿಸಿಕೊಳ್ಳಲಿಲ್ಲ. ಸುಮಾರು 190ರಲ್ಲಿ ರೋಮ್‌ನ ಬಿಷಪ್ ವಿಕ್ಟರ್ ಏಷ್ಯಾದ ಸಭೆಗಳನ್ನು ಬಹಿಷ್ಕರಿಸಹೊರಟಾಗ ಲಿಯೋನಿನ ಐರೆನೇಯಸ್ ಆಕ್ಷೇಪಿಸಿದ. ವಸಂತ ವಿಷುವದ ಬಳಿಕದ ಹುಣ್ಣಿಮೆಯ ಮುಂದಿನ ಭಾನುವಾರವೆಂಬ ನಿಯಮವನ್ನು 325ರ ನೈಸೀಯ ಮಹಾಸಭೆ ವಿಧಿಸಿತೆಂದು ಅನೇಕ ಗ್ರಂಥಗಳು ಹೇಳುತ್ತವೆ. ಉಳಿದುಬಂದ ಪತ್ರಗಳಲ್ಲಿ ಆ ಸೂತ್ರವಿಲ್ಲ. ಯೆಹೂದ್ಯರ ಲೆಕ್ಕ ಬಿಟ್ಟು ಎಲ್ಲರೂ ಒಂದೇ ದಿನ ಆಚರಿಸಬೇಕೆಂಬ ತೀರ್ಮಾನವಷ್ಟೇ ಇದೆ. ರೋಮ್, ಅಲೆಕ್ಸಾಂಡ್ರಿಯಗಳ ದಿನಗಳು ಅನಂತರವೂ ಆಗಾಗ ಬೇರೆಯಾದವು.

ಕ್ರಿಸ್ತಶಕ ಹುಟ್ಟಿದ್ದೂ ಈಸ್ಟರ್ ದಿನ ಗೊತ್ತುಮಾಡುವ ಕೋಷ್ಟಕಗಳಲ್ಲೇ. 525ರಲ್ಲಿ ಡಯೊನಿಸಿಯಸ್ ಎಕ್ಸಿಗ್ಯುಯಸ್ ಎಂಬ ಸಂನ್ಯಾಸಿ ಮುಂದಿನ ಈಸ್ಟರ್ ದಿನಗಳನ್ನು ಪಟ್ಟಿಮಾಡುವಾಗ, ಕ್ರೈಸ್ತರನ್ನು ಹಿಂಸಿಸಿದ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್‌ನ ಶಕವನ್ನು ಬಿಟ್ಟು ಕ್ರಿಸ್ತನ ಅವತಾರದಿಂದ ವರ್ಷ ಎಣಿಸಿದ. ಇತಿಹಾಸಕ್ಕೊಂದು ಹೊಸ ಅಳತೆಗೋಲು ಕೊಡುವುದು ಅವನ ಉದ್ದೇಶವಾಗಿರಲಿಲ್ಲ. ಆ ಕೆಲಸ ಮಾಡಿದವನು ಇಂಗ್ಲೆಂಡಿನ ಬೀಡ್: 731ರಲ್ಲಿ ಮುಗಿಸಿದ ತನ್ನ ಚರ್ಚ್ ಇತಿಹಾಸದುದ್ದಕ್ಕೂ ಇದೇ ಶಕವನ್ನು ಬಳಸಿದ. ಈ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ. ಹೆರೋದ ರಾಜ ಕ್ರಿ.ಪೂ. 4ರಲ್ಲಿ ಸತ್ತನೆಂಬ ಬಹುಮತದ ಅಭಿಪ್ರಾಯ ಸರಿಯಾದರೆ, ಅವನ ಆಳ್ವಿಕೆಯಲ್ಲಿ ಹುಟ್ಟಿದನೆನ್ನಲಾದ ಯೇಸುವಿನ ಜನನ ಕ್ರಿಸ್ತಶಕಕ್ಕಿಂತ ಹಿಂದಕ್ಕೆ ಹೋಗುತ್ತದೆ. ಪಶ್ಚಿಮ ಯುರೋಪಿನಲ್ಲಿ ಕ್ರಿಸ್ತಶಕ ನಿಧಾನವಾಗಿ ಹರಡಿತು. ಪೋರ್ಚುಗಲ್ ಅದನ್ನು ಅಧಿಕೃತವಾಗಿ ಒಪ್ಪಿದ್ದು 1422ರಲ್ಲಿ.