ಕೆಸರುಗದ್ದೆಯ ವೇಗ



2022ರಲ್ಲಿ ತೆರೆಕಂಡ ರಿಷಬ್ ಶೆಟ್ಟರ ‘ಕಾಂತಾರ’ ಚಿತ್ರದಿಂದ ಕಂಬಳವು ನಮ್ಮ ಜಯನಗರ, ಬನಶಂಕರಿಗಳಲ್ಲಿಯೂ ಮನೆಮಾತಾಯಿತು. ಮರುವರ್ಷದ ನವೆಂಬರಿನಲ್ಲಿ ಕರಾವಳಿಯ ಕೋಣಗಳು ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ಓಡಿದವು. ಆದರೆ ಕಂಬಳದ ವೇಗವು ಜಗತ್ತಿನ ಕಣ್ಣಿಗೆ ಬಿದ್ದದ್ದು ಅದಕ್ಕೂ ಮೊದಲು.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಟ್ಟಿದರು. ಪತ್ರಿಕೆಗಳು ತ್ರೈರಾಶಿ ಹಾಕಿ, ಗೌಡರು 100 ಮೀಟರನ್ನು 9.55 ಸೆಕೆಂಡುಗಳಲ್ಲಿ ಓಡಿದಂತಾಯಿತೆಂದು ಬರೆದವು. ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ದಾಖಲೆ 9.58. ದೇಶವೇ ಬೆರಗಾಯಿತು.

ಈ ಲೆಕ್ಕದಲ್ಲಿ ಎರಡು ದೋಷಗಳಿವೆ. ಯಾವ ಓಟದಲ್ಲಿಯೂ ಮೊದಲ ಕೆಲವು ಹೆಜ್ಜೆಗಳು ನಿಧಾನ. ದೂರ ಹೆಚ್ಚಿದಂತೆ ಆ ನಿಧಾನವು ಸರಾಸರಿಯಲ್ಲಿ ಕರಗುತ್ತದೆ. ಮೇಲಾಗಿ, ಹಗ್ಗ ಹಿಡಿದ ಓಟಗಾರನನ್ನು ಕೋಣಗಳು ಸೆಳೆದೊಯ್ಯುತ್ತವೆ. ಗೌಡರೇ ವಿನಯದಿಂದ ಶ್ರೇಯಸ್ಸಿನ ಪಾಲನ್ನು ಕೋಣಗಳಿಗೆ ಕೊಟ್ಟರು. ಕ್ರೀಡಾ ಪ್ರಾಧಿಕಾರದ ಆಯ್ಕೆ ಪರೀಕ್ಷೆಯನ್ನೂ ಒಲ್ಲೆನೆಂದರು.

ದಾಖಲೆ ಎಂದರೆ ಬರಿಯ ವೇಗವಲ್ಲ, ಎಲ್ಲರೂ ಒಪ್ಪಿದ ಅಳತೆ. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡ ಮರುಭೂಮಿಯಲ್ಲಿ ಆಂಡಿ ಗ್ರೀನ್ ‘ಥ್ರಸ್ಟ್ ಎಸ್‌ಎಸ್‌ಸಿ’ ವಾಹನವನ್ನು ಗಂಟೆಗೆ 1227.985 ಕಿಲೋಮೀಟರ್ ವೇಗದಲ್ಲಿ ಓಡಿಸಿ ಶಬ್ದದ ವೇಗವನ್ನು ಮೀರಿದರು. ಅದು ಒಂದೇ ಓಟದ ಫಲವಲ್ಲ. ಗಾಳಿ, ಇಳಿಜಾರುಗಳ ಲಾಭ ಯಾರಿಗೂ ಸಿಗಬಾರದೆಂದು, ಒಂದು ಗಂಟೆಯೊಳಗೆ ಎರಡು ದಿಕ್ಕುಗಳಲ್ಲಿಯೂ ಓಡಿ ಸರಾಸರಿ ತೆಗೆಯಬೇಕೆಂಬ ನಿಯಮವಿದೆ.

ಕಂಬಳಕ್ಕೂ ತನ್ನದೇ ಅಳತೆಗಳಿವೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ವೇಗವೇ ಮುಖ್ಯ. ಕನೆಹಲಗೆಯಲ್ಲಿ ಮಾತ್ರ ಹಲಗೆಯಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ಈ ಅಳತೆಯನ್ನು ಬಿಟ್ಟು ಬೋಲ್ಟ್‌ನ ಅಳತೆಗೆ ಕೈಚಾಚಿದರೆ ಕಂಬಳಕ್ಕೆ ಲಾಭವೇನು?

ನಷ್ಟವಂತೂ ಇದೆ. ಥ್ರಸ್ಟ್‌ನ ಎಂಜಿನ್ನಿಗೆ ನೋವಿಲ್ಲ, ಕೋಣಕ್ಕೆ ಇದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಕ್ರೀಡೆಗಳನ್ನು ತಡೆದದ್ದು ಪ್ರಾಣಿಹಿಂಸೆಯ ಕಾರಣಕ್ಕೇ. ಕರ್ನಾಟಕದ ತಿದ್ದುಪಡಿ ಕಾಯಿದೆಯನ್ನು ಅದೇ ನ್ಯಾಯಾಲಯವು 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಸೆಕೆಂಡಿನ ನೂರನೆಯ ಒಂದು ಭಾಗಕ್ಕಾಗಿ ಬಾರುಕೋಲು ಬೀಸುವ ಕೈಯನ್ನು ತಡೆಯಬೇಕಾದವರು ಕರೆಯ ಬದಿಯಲ್ಲಿ ನಿಂತವರೇ. ಪೆಟ್ಟಿಲ್ಲದೆ ಓಡಿದ ಜೋಡಿಗೆ ಚಪ್ಪಾಳೆ ಹೆಚ್ಚು ಬೀಳಲಿ.